ಭವನದಲ್ಲಿಯೋ, ಭವನ್‌ನಲ್ಲಿಯೋ?

ನಮ್ಮ ಸಂಘದ ಸಭಾಂಗಣದ ಜೀರ್ಣೋದ್ಧಾರ ಮುಗಿಯುತ್ತ ಬಂದಿದೆ. ನೆಲಕ್ಕೆ ಹೊಸ ಕಲ್ಲು ಬಂತು, ವೇದಿಕೆಗೆ ಹೊಸ ಪರದೆ ಬಂತು, ಪ್ರತಿ ಕಾರ್ತಿಕದ ಮಳೆಗೂ ಸೋರುತ್ತಿದ್ದ ಈಶಾನ್ಯದ ಮೂಲೆಗೂ ಒಂದು ಗತಿ ಕಾಣಿಸಿದ್ದಾಯಿತು. ಉಳಿದಿರುವುದು ನಾಮಫಲಕವೊಂದೇ. ಕಾರ್ಯಕಾರಿ ಸಮಿತಿಯವರು ಸದಸ್ಯರಿಗೆ ಕಳುಹಿಸಿರುವ ಸುತ್ತೋಲೆಯೊಡನೆ ಫಲಕದ ಮಾದರಿಯನ್ನೂ ಲಗತ್ತಿಸಿದ್ದಾರೆ. ಮೇಲೆ ತಮಿಳು, ನಡುವೆ ಕನ್ನಡ, ಕೆಳಗೆ ಇಂಗ್ಲಿಷ್. ತಮಿಳಿನ ಸಾಲಿನಲ್ಲಿ ‘ಕನ್ನಡಪ್ ಪಣ್ಬಾಟ್ಟು ಮೈಯಂ’ ಎಂದಿದೆ. ಕನ್ನಡದ ಸಾಲಿನಲ್ಲಿ ‘ಕನ್ನಡ ಕಲ್ಚರಲ್ ಸೆಂಟರ್’ ಎಂದಿದೆ.

ಓದುಗರು ಈ ಎರಡು ಸಾಲುಗಳನ್ನು ಇನ್ನೊಮ್ಮೆ ಓದಬೇಕೆಂದು ಕೋರುತ್ತೇನೆ. ತಮಿಳಿನ ಸಾಲನ್ನು ಸಿದ್ಧಪಡಿಸಿದವನು ಫಲಕ ಬರೆಯುವ ಕಲಾವಿದ. ಅವನ ಕೈಗೆ ನಾವು ಕೊಟ್ಟದ್ದು ಇಂಗ್ಲಿಷಿನ ಹೆಸರನ್ನು ಮಾತ್ರ. ಯಾರನ್ನೂ ಕೇಳದೆ, ಯಾವ ಸಮಿತಿಯ ಠರಾವಿಗೂ ಕಾಯದೆ, ಅವನು ಅದನ್ನು ತನ್ನ ಭಾಷೆಗೆ ತಂದುಕೊಂಡ. ಕನ್ನಡದ ಸಾಲನ್ನು ಬರೆದುಕೊಟ್ಟವರು ನಾವು. ಕನ್ನಡವನ್ನು ಉಳಿಸಿ ಬೆಳೆಸುವುದೇ ನಮ್ಮ ಧ್ಯೇಯವೆಂದು ನಿಬಂಧನೆಗಳ ಮೊದಲ ಪುಟದಲ್ಲಿ ಅಚ್ಚು ಹಾಕಿಸಿಕೊಂಡವರು. ನಾವು ಇಂಗ್ಲಿಷಿನ ಹೆಸರಿಗೆ ಕನ್ನಡ ಲಿಪಿಯ ಅಂಗಿ ತೊಡಿಸಿ ಕೈತೊಳೆದುಕೊಂಡೆವು.

ಖಜಾಂಚಿಯವರಿಗೆ ದೂರವಾಣಿ ಮಾಡಿ ಕೇಳಿದೆ. ಅವರು ನನಗಿಂತ ಹಿರಿಯರು, ಸಂಘಕ್ಕಾಗಿ ದುಡಿದವರು, ನನ್ನ ಮೇಲೆ ವಿಶ್ವಾಸವುಳ್ಳವರು. “ಏನು ಸ್ವಾಮಿ, ಇಷ್ಟು ಓದಿದವರು ನೀವು. ಅದು ಅಂಕಿತನಾಮ ಅಲ್ಲವೆ? ಅಂಕಿತನಾಮವನ್ನು ಭಾಷಾಂತರ ಮಾಡುವ ಹಾಗಿಲ್ಲ. ನಿಮ್ಮ ಹೆಸರನ್ನೇ ಯಾರಾದರೂ ತಮಿಳಿಗೆ ಭಾಷಾಂತರಿಸಿ ಕರೆದರೆ ಓಗೊಡುತ್ತೀರೇನು?” ಎಂದರು. ಮಾತು ನಗೆಯಲ್ಲಿ ಮುಗಿಯಿತು. ಆದರೆ ಇದು ಅವರೊಬ್ಬರ ಅಭಿಪ್ರಾಯವಲ್ಲ. ಬೆಂಗಳೂರಿನ ಅಧಿಕಾರಿಗಳಿಂದ ಹಿಡಿದು ದಿನಪತ್ರಿಕೆಗಳ ಉಪಸಂಪಾದಕರವರೆಗೆ ಎಲ್ಲರೂ ಈ ಒಂದು ವಾಕ್ಯದ ಮರೆಯಲ್ಲಿ ನಿಂತಿದ್ದಾರೆ. ಆದುದರಿಂದ ಅದಕ್ಕೆ ಉತ್ತರವನ್ನು ದೂರವಾಣಿಯಲ್ಲಿ ಹೇಳದೆ ಈ ಪುಟಗಳಲ್ಲೇ ಕೊಡಬೇಕಾಗಿದೆ.

ಇಂಗ್ಲಿಷ್ ವ್ಯಾಕರಣವು ನಾಮಪದಗಳನ್ನು ಮುಖ್ಯವಾಗಿ ಎರಡು ಬಗೆಯಾಗಿ ನೋಡುತ್ತದೆ: ಒಂದು ಜಾತಿಗೆಲ್ಲ ಸಲ್ಲುವ ಹೆಸರು, ಒಂದು ವ್ಯಕ್ತಿಗೇ ಅಥವಾ ಒಂದು ವಸ್ತುವಿಗೇ ಸಲ್ಲುವ ಹೆಸರು. ಎರಡನೆಯದನ್ನು ದೊಡ್ಡಕ್ಷರದಿಂದ ಆರಂಭಿಸಿ ತೋರಿಸುತ್ತದೆ. ಒಂದು ಊರಿನ ಪುರಭವನವನ್ನು ಚಿಕ್ಕಕ್ಷರದಲ್ಲಿ ಬರೆದರೆ ಅದು ಯಾವುದೋ ಒಂದು ಪುರಭವನ. ದೊಡ್ಡಕ್ಷರದಲ್ಲಿ ಬರೆದರೆ ಇದೇ ಊರಿನ ಇದೇ ಪುರಭವನ. ದೊಡ್ಡಕ್ಷರ ಬಿದ್ದೊಡನೆ ಇಡೀ ಹೆಸರು ಒಂದು ಮುಚ್ಚಿದ ಪೆಟ್ಟಿಗೆಯಾಗುತ್ತದೆ, ಅದರೊಳಕ್ಕೆ ಕೈ ಹಾಕಬಾರದೆಂಬ ಭಾವನೆ ಬರುತ್ತದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೂ ಇಲ್ಲ, ಚಿಕ್ಕಕ್ಷರವೂ ಇಲ್ಲ. ಆದರೆ ನಮ್ಮ ವ್ಯಾಕರಣದಲ್ಲಿ ಇಂಗ್ಲಿಷಿನವರಲ್ಲಿಲ್ಲದ ಒಂದು ಅನುಕೂಲವಿದೆ. ನಾವು ಎರಡಲ್ಲ, ಮೂರು ಬಗೆ ಮಾಡುತ್ತೇವೆ: ರೂಢನಾಮ, ಅಂಕಿತನಾಮ, ಅನ್ವರ್ಥನಾಮ. ಪ್ರೌಢಶಾಲೆಯಲ್ಲಿ ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತ ಈ ಮೂರು ಮಾತುಗಳನ್ನು ಸಾರ್ವಜನಿಕ ಕಟ್ಟಡದ ಮುಂದೆ ನಿಂತು ನೆನೆಸಿಕೊಂಡರೆ ಅವುಗಳ ಬೆಲೆ ತಿಳಿಯುತ್ತದೆ. ಮನೆ, ಗುಡಿ, ಚಾವಡಿ, ಕಟ್ಟಡ ಎಂಬುವು ರೂಢಿಯಿಂದ ಬಂದವು. ಗ್ರಂಥಾಲಯ, ನ್ಯಾಯಾಲಯ, ಪುರಭವನ ಎಂಬುವು ಒಳಗೆ ನಡೆಯುವ ಕೆಲಸವನ್ನು ಹೇಳುವ ಅನ್ವರ್ಥಗಳು. ರಿಪ್ಪನ್, ರವೀಂದ್ರ, ರಾಜಾಜಿ ಎಂಬುವು ಅಂಕಿತಗಳು. ಕಟ್ಟಡದ ಹೆಸರು ಎಂದರೆ ಸಾಮಾನ್ಯವಾಗಿ ಇವುಗಳಲ್ಲಿ ಎರಡರ ಕೂಡಿಕೆ. ಅಂಕಿತವನ್ನು ಮುಟ್ಟಬಾರದೆಂಬ ಖಜಾಂಚಿಯವರ ಮಾತು ಒಪ್ಪತಕ್ಕದ್ದೇ. ಅದರ ಜೊತೆಗಿರುವ ಅನ್ವರ್ಥವನ್ನೂ ಮುಟ್ಟಬಾರದೆಂದು ಯಾವ ವ್ಯಾಕರಣ ಹೇಳಿದೆ?

‘ಕನ್ನಡ ಕಲ್ಚರಲ್ ಸೆಂಟರ್’ ಎಂಬುದರಲ್ಲಂತೂ ಅಂಕಿತವೇ ಇಲ್ಲ. ಅದು ಉದ್ದಕ್ಕೂ ಅನ್ವರ್ಥ. ಅನ್ವರ್ಥ ಎಂದರೆ ಅರ್ಥವನ್ನು ಅನುಸರಿಸಿದ್ದು. ಓದಿದವನಿಗೆ ಅರ್ಥವೇ ಆಗದ ಭಾಷೆಯಲ್ಲಿ ಅನ್ವರ್ಥವಾದರೂ ಹೇಗೆ ಸಾಧ್ಯ? ಇನ್ನು ನೋಂದಣಿಯ ಹೆಸರು ಇಂಗ್ಲಿಷಿನಲ್ಲಿದೆ ಎಂಬ ಮಾತು. ಮೂರು ದಶಕಗಳಿಂದ ಸರ್ಕಾರಿ ಕಡತಗಳ ನಡುವೆ ಬಾಳಿದವನಾದ ನಾನು ಇದನ್ನು ಖಚಿತವಾಗಿ ಹೇಳಬಲ್ಲೆ: ನೋಂದಣಿಯ ಹೆಸರನ್ನು ರಸೀದಿಯಲ್ಲಿ, ಬ್ಯಾಂಕಿನ ಖಾತೆಯಲ್ಲಿ, ಕರಾರುಪತ್ರದಲ್ಲಿ ಹಾಗೆಯೇ ಬರೆಯಬೇಕು, ಬೇರೆ ಭಾಷೆಯ ಸಾಲಿನಲ್ಲಿ ಆ ಭಾಷೆಯ ಹೆಸರನ್ನು ಬರೆಯುವುದಕ್ಕೆ ಅದು ಅಡ್ಡಿಯಲ್ಲ. ಜೀವವಿಮೆಯ ಸಂಸ್ಥೆಯ ಹೆಸರು ಕಾಯಿದೆಯಲ್ಲಿ ಇಂಗ್ಲಿಷಿನಲ್ಲೇ ಇದೆ. ಆದರೂ ಕರ್ನಾಟಕದಲ್ಲಿ ‘ಭಾರತೀಯ ಜೀವ ವಿಮಾ ನಿಗಮ’ ಎಂದು ಬರೆದುಕೊಂಡದ್ದರಿಂದ ಯಾವ ಪಾಲಿಸಿಯೂ ರದ್ದಾದದ್ದನ್ನು ನಾನು ಕಾಣೆ.

ನಾವಿರುವ ಊರನ್ನೇ ನೋಡೋಣ. ಸೆಂಟ್ರಲ್ ನಿಲ್ದಾಣದ ಪಕ್ಕದಲ್ಲಿ ಬೆಳ್ಳಗೆ ಹೊಳೆಯುವ ನಗರಪಾಲಿಕೆಯ ಕಟ್ಟಡ 1913ರದು. ಸ್ಥಳೀಯ ಸ್ವಯಮಾಡಳಿತಕ್ಕೆ ಇಂಬುಕೊಟ್ಟ ವೈಸ್‌ರಾಯ್ ರಿಪ್ಪನ್ನನ ನೆನಪಿಗೆ ಇಟ್ಟ ಹೆಸರು ಅದಕ್ಕೆ. ಇಂಗ್ಲಿಷಿನಲ್ಲಿ ‘ರಿಪ್ಪನ್ ಬಿಲ್ಡಿಂಗ್’, ತಮಿಳಿನಲ್ಲಿ ‘ರಿಪ್ಪನ್ ಮಾಳಿಗೈ’. ಅಂಕಿತ ಎರಡರಲ್ಲೂ ಒಂದೇ. ಅದರ ಬೆನ್ನಿಗಿರುವ ಮಾತು ಆಯಾ ಭಾಷೆಯದು. (ನಮ್ಮ ಕಡೆ ಮಾಳಿಗೆ ಎಂದರೆ ಮನೆಯ ಮೇಲಂತಸ್ತು, ಮಣ್ಣಿನ ಚಾವಣಿ. ನೆರೆಯವರಲ್ಲಿ ಅದೇ ಮಾತು ಅರಮನೆಯಷ್ಟು ಬೆಳೆದಿದೆ.) ವಾಲಾಜಾ ರಸ್ತೆಯ ರಂಗಮಂದಿರಕ್ಕೆ ಎನ್.ಎಸ್. ಕೃಷ್ಣನ್ ಅವರ ಬಿರುದಿನಿಂದ ‘ಕಲೈವಾಣರ್ ಅರಂಗಂ’ ಎಂದು ಹೆಸರು. ಆ ‘ಅರಂಗಂ’ ಮತ್ತೇನೂ ಅಲ್ಲ, ನಮ್ಮ ‘ರಂಗ’ವೇ. ತಮಿಳಿನಲ್ಲಿ ಪದದ ಮೊದಲಿಗೆ ರಕಾರ ಬರಕೂಡದೆಂಬ ಹಳೆಯ ನಿಯಮವಿದೆ. ಆದುದರಿಂದ ಸಂಸ್ಕೃತದ ಮಾತಿಗೆ ಮುಂದೊಂದು ಅಕಾರವನ್ನೂ ಹಿಂದೊಂದು ಮಕಾರವನ್ನೂ ಕೊಟ್ಟು, ಅದನ್ನು ತಮ್ಮ ಮನೆಯ ಮಗುವನ್ನಾಗಿ ಮಾಡಿಕೊಂಡರು. ಚೇಪಾಕ್ಕಿನ ಸರ್ಕಾರಿ ಕಚೇರಿಗಳ ಸಮುಚ್ಚಯಕ್ಕೆ ‘ಎೞಿಲಗಂ’ ಎಂದು ಹೆಸರು; ಎೞಿಲ್ ಎಂದರೆ ಚೆಲುವು, ಅಗಂ ಎಂದರೆ ಮನೆ. ಒಳಗೆ ಕಂದಾಯದ ಕಡತಗಳ ನಡುವೆ ಎಷ್ಟು ಚೆಲುವಿದೆಯೋ ನಾನರಿಯೆ. ಆದರೆ ಆ ‘ಅಗಂ’ ಎಂಬುದನ್ನು ಹಿಡಿದುಕೊಂಡು ಗ್ರಂಥಾಲಯಕ್ಕೆ ‘ನೂಲಗಂ’, ಸಚಿವಾಲಯಕ್ಕೆ ‘ಚೆಯಲಗಂ’ ಎಂದು ಒಂದು ಸಾಲನ್ನೇ ಕಟ್ಟಿದರು. 1896ರಲ್ಲಿ ತೆರೆದ ಕನ್ನೆಮಾರಾ ಗ್ರಂಥಾಲಯವೂ ನೂಲಗವೇ, 2010ರ ಅಣ್ಣಾ ಶತಮಾನೋತ್ಸವದ ಗ್ರಂಥಾಲಯವೂ ನೂಲಗವೇ.

ಅಂಕಿತವೂ ಭಾಷೆಯಿಂದ ಭಾಷೆಗೆ ಬದಲಾದ ನಿದರ್ಶನ ಬೇಕಿದ್ದರೆ ಹೈಕೋರ್ಟಿಗೆ ಹೋಗಬಹುದು. 1996ರಲ್ಲಿ ಊರಿನ ಹೆಸರು ಚೆನ್ನೈ ಆಯಿತು. ನ್ಯಾಯಾಲಯ ಇಂಗ್ಲಿಷಿನಲ್ಲಿ ಮದರಾಸು ಹೈಕೋರ್ಟಾಗಿಯೇ ಉಳಿಯಿತು. ತಮಿಳಿನಲ್ಲಿ ಅದು ಚೆನ್ನೈ ಉಯರ್ ನೀದಿಮನ್ಱಂ. ವಿಶ್ವವಿದ್ಯಾನಿಲಯವೂ ಹಾಗೆಯೇ: ಇಂಗ್ಲಿಷಿನಲ್ಲಿ ಮದರಾಸು, ತಮಿಳಿನಲ್ಲಿ ಚೆನ್ನೈ. ಕೇಶಿರಾಜನ ಶಬ್ದಮಣಿದರ್ಪಣವನ್ನು ಒಂದು ಕಾಲಕ್ಕೆ ಪ್ರಕಟಿಸಿದ ವಿಶ್ವವಿದ್ಯಾನಿಲಯವಿದು ಎಂಬುದನ್ನು ನಮ್ಮ ಸಂಘದ ಕಿರಿಯರು ತಿಳಿದಿರಲಿ ಎಂದು ಇಲ್ಲಿ ಸೇರಿಸುತ್ತಿದ್ದೇನೆ.

ತಮಿಳರು ಮಾಡಿದರೆಂದು ನಾವೂ ಮಾಡಬೇಕೆ, ನಮಗೆ ನಮ್ಮದೇ ಸಂಪ್ರದಾಯವಿಲ್ಲವೆ ಎಂದು ಕೇಳಬಹುದು. ಇದೆ. ವಾಷಿಂಗ್ಟನ್ನಿನಲ್ಲಿ ಅಮೆರಿಕದ ಅಧ್ಯಕ್ಷರಿರುವ ಮನೆಯನ್ನು ನಮ್ಮ ಪತ್ರಿಕೆಗಳು ಯಾವ ಸಂಕೋಚವೂ ಇಲ್ಲದೆ ‘ಶ್ವೇತಭವನ’ ಎನ್ನುತ್ತವೆ. ದೆಹಲಿಯ ಕೋಟೆ ‘ಕೆಂಪುಕೋಟೆ’. ಇವುಗಳಷ್ಟು ಪ್ರಸಿದ್ಧವಾದ ಅಂಕಿತನಾಮಗಳು ಬೇರೆ ಯಾವುವಿವೆ? ಹಡಗಿನಾಚೆಯ ದೇಶದ ಕಟ್ಟಡ ಕನ್ನಡವಾಗಬಹುದು; ಬೆಂಗಳೂರಿನಲ್ಲಿ ‘ಪುರಭವನ’ ಎಂಬ ಚೊಕ್ಕ ಹೆಸರು ಹೊತ್ತು 1935ರಿಂದ ನಿಂತಿರುವ ಕಟ್ಟಡ ಮಾತ್ರ ಅದೇ ಪತ್ರಿಕೆಯ ನಗರವಾರ್ತೆಯಲ್ಲಿ ‘ಟೌನ್‌ಹಾಲ್’ ಆಗಿಯೇ ಇರಬೇಕು!

ಇಷ್ಟು ಹೆಸರಿನ ಮಾತಾಯಿತು. ನನ್ನ ಚಿಂತೆ ಹೆಸರಿಗಿಂತ ಹೆಚ್ಚಾಗಿ ಹೆಸರಿನ ಬಾಲದ್ದು, ಎಂದರೆ ವಿಭಕ್ತಿಪ್ರತ್ಯಯದ್ದು.

‘ಭವನ’ ಎಂಬುದು ಅಕಾರಾಂತವಾದ ನಪುಂಸಕಲಿಂಗ. ಭವನವು, ಭವನವನ್ನು, ಭವನದಿಂದ, ಭವನಕ್ಕೆ, ಭವನದ, ಭವನದಲ್ಲಿ. ಇದನ್ನು ಕನ್ನಡಿಗರ ಮಗುವಿಗೆ ಯಾರೂ ಕಲಿಸಬೇಕಾಗಿಲ್ಲ. ‘ಮರ’, ‘ಹೊಲ’ ಎಂಬುದನ್ನು ಕಲಿತಾಗಲೇ ಮಗು ಇದನ್ನೂ ಕಲಿತಿರುತ್ತದೆ. ಅದೇ ಅಕಾರಾಂತ ಪುಲ್ಲಿಂಗವಾದರೆ ದಾರಿ ಬೇರೆ: ರಾಮನು, ರಾಮನನ್ನು, ರಾಮನಿಗೆ, ರಾಮನಲ್ಲಿ. ಮನುಷ್ಯನಿಗೆ ನಕಾರ, ವಸ್ತುವಿಗೆ ದಕಾರ. ಈಗ ಹಿಂದಿಯವರು ಇದೇ ಸಂಸ್ಕೃತದ ಮಾತನ್ನು ಕೊನೆಯ ಅಕಾರವನ್ನು ನುಂಗಿ ‘ಭವನ್’ ಎನ್ನುತ್ತಾರೆ. ಅವರ ಉಚ್ಚಾರಣೆಯ ಧರ್ಮ ಅದು, ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಹ್ಯಾಡೋಸ್ ರಸ್ತೆಯ ಶಾಸ್ತ್ರಿ ಭವನಕ್ಕೂ ಬೆಸೆಂಟ್ ನಗರದ ರಾಜಾಜಿ ಭವನಕ್ಕೂ ದಿನವೂ ಹೋಗಿ ಬರುವ ನಮ್ಮ ಕನ್ನಡದ ನೌಕರರು ಮನೆಗೆ ಬಂದು “ಇವತ್ತು ಭವನ್‌ನಲ್ಲಿ ಮೀಟಿಂಗ್ ಇತ್ತು” ಎನ್ನುತ್ತಾರೆ. ಗಟ್ಟಿಯಾಗಿ ಹೇಳಿ ನೋಡಿ: ಭವನ್‌ನಲ್ಲಿ. ಭವನನಲ್ಲಿ. ಭವನನೆಂಬ ಯಾರೋ ಒಬ್ಬ ಪುರುಷನಲ್ಲಿ ಸಭೆ ನಡೆದಂತೆ ಕೇಳಿಸುವುದಿಲ್ಲವೆ? ಒಂದು ಅಕಾರವನ್ನು ಕಳೆದುಕೊಂಡದ್ದರಿಂದ ಕಟ್ಟಡಕ್ಕೆ ಲಿಂಗವೇ ಬದಲಾಗಿಹೋಯಿತು. ನಮ್ಮಲ್ಲೇ ಇದ್ದ ನಾಣ್ಯವನ್ನು ಅಂಚು ಸವೆಸಿ ಕೊಟ್ಟಾಗ, ಹೊಸದೆಂದು ಭ್ರಮಿಸಿ ಕೈಯೊಡ್ಡಿದ್ದೇವೆ. ಅಲ್ಲದೆ ಈ ಊರಿನಲ್ಲಿ ‘ಭವನ್’ ಎಂದೊಡನೆ ಯಾರಿಗೂ ಆಡಳಿತವಾಗಲಿ ಸಂಸ್ಕೃತಿಯಾಗಲಿ ನೆನಪಾಗುವುದಿಲ್ಲ, ಇಡ್ಲಿ ಸಾಂಬಾರು ನೆನಪಾಗುತ್ತದೆ. ಹೋಟೆಲಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ‘ಉಡುಪಿ’ ಎಂಬ ಊರಿನ ಅಂಕಿತನಾಮ ಈ ನಗರದಲ್ಲಿ ಸಸ್ಯಾಹಾರದ ಹೋಟೆಲಿಗೆ ರೂಢನಾಮವೇ ಆಗಿಹೋಗಿದೆ. ಹೆಸರುಗಳು ಒಂದು ಜಾತಿಯಿಂದ ಇನ್ನೊಂದಕ್ಕೆ ನಡೆದುಹೋಗುವುದು ಹೊಸದಲ್ಲ. ಅವು ಕನ್ನಡದ ಪ್ರತ್ಯಯಗಳನ್ನು ಹೊತ್ತುಕೊಂಡು ನಡೆಯುತ್ತವೆಯೋ, ಎಸೆದು ನಡೆಯುತ್ತವೆಯೋ ಎಂಬುದಷ್ಟೇ ಪ್ರಶ್ನೆ.

ಪರಭಾಷೆಯ ಮಾತುಗಳೇ ಬೇಡವೆಂದು ನಾನು ಹೇಳುತ್ತಿರುವೆನೆಂದು ಯಾರೂ ಭಾವಿಸಬಾರದು. ನಾನು ಕಚೇರಿಗೆ ಹೋಗುವವನು. ಆ ‘ಕಚೇರಿ’ ಎಂಬುದೇ ಹೊರಗಿನಿಂದ ಬಂದದ್ದು. ‘ಆಸ್ಪತ್ರೆ’ಯ ಮೂಲವನ್ನು ಎಲ್ಲರೂ ಬಲ್ಲರು. ಆದರೆ ನಮ್ಮ ಹಿರಿಯರು ಅದಕ್ಕೆ ಒಂದು ಎಕಾರವನ್ನು ಅಂಟಿಸಿದರು. ಆಸ್ಪತ್ರೆಯಲ್ಲಿ, ಆಸ್ಪತ್ರೆಗೆ, ಆಸ್ಪತ್ರೆಯಿಂದ ಎಂದು ಏಳು ವಿಭಕ್ತಿಗಳೂ ಸುಲಲಿತವಾಗಿ ಬಂದವು. ವ್ಯಂಜನದಲ್ಲಿ ಮುಗಿಯುವ ಮಾತಿಗೆ ಉಕಾರ ಕೊಡುವುದು ಕನ್ನಡದ ಜಾಯಮಾನ: ಬ್ಯಾಂಕು, ಕೋರ್ಟು, ಹೋಟೆಲು. ಬ್ಯಾಂಕಿನಲ್ಲಿ, ಕೋರ್ಟಿಗೆ, ಹೋಟೆಲಿನಿಂದ. ಈಗ ಅಚ್ಚಾಗುತ್ತಿರುವುದು ಬ್ಯಾಂಕ್‌ನಲ್ಲಿ, ಕೋರ್ಟ್‌ಗೆ, ಹೋಟೆಲ್‌ನಿಂದ. ಮಾತಿಗೂ ಪ್ರತ್ಯಯಕ್ಕೂ ನಡುವೆ ಒಂದು ಬಿರುಕು, ಒಂದೇ ಮನೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರಂತೆ. ಹಳ್ಳಿಯ ಹೆಂಗಸು ‘ಬ್ಯಾಂಕಿಗೆ’ ಎನ್ನುತ್ತಾಳೆ. ಪದವೀಧರ ‘ಬ್ಯಾಂಕ್‌ಗೆ’ ಎನ್ನುತ್ತಾನೆ. ವ್ಯಾಕರಣ ಬಲ್ಲವರು ಯಾರೆಂದು ನೀವೇ ತೀರ್ಮಾನಿಸಿ.

ಜನರ ನಾಲಗೆಯಲ್ಲಿ ಈ ವ್ಯಾಕರಣ ಎಷ್ಟು ಎಚ್ಚರವಾಗಿದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ವಿಷಯ ಮಾತನಾಡುವಾಗ ಆಟೋ ಚಾಲಕನೂ “ಜಯದೇವಕ್ಕೆ ಹೋಗಬೇಕಾ?” ಎಂದೇ ಕೇಳುತ್ತಾನೆ; ‘ಜಯದೇವನಿಗೆ’ ಎನ್ನುವುದಿಲ್ಲ. ಜಯದೇವನೆಂಬ ಗೆಳೆಯನಿಗೆ ಪುಸ್ತಕ ಕೊಟ್ಟೆವು, ಜಯದೇವಕ್ಕೆ ರೋಗಿಯನ್ನು ಸೇರಿಸಿದೆವು. ಒಂದೇ ಅಂಕಿತ, ಮನುಷ್ಯನಾದರೆ ‘ನಿಗೆ’, ಕಟ್ಟಡವಾದರೆ ‘ಕ್ಕೆ’. ಇಂಗ್ಲಿಷಿನವರು ದೊಡ್ಡಕ್ಷರದಿಂದಲೂ ಮಾಡಲಾಗದ ಭೇದವನ್ನು ನಮ್ಮ ಚಾಲಕ ಒಂದು ಪ್ರತ್ಯಯದಿಂದ ಮಾಡಿ ಮುಗಿಸುತ್ತಾನೆ. ಇಂಥ ಸೂಕ್ಷ್ಮವಾದ ಸಲಕರಣೆಯನ್ನು ಕೈಯಲ್ಲಿಟ್ಟು, ‘ಕಲ್ಚರಲ್ ಸೆಂಟರ್‌ಗೆ’ ಎಂಬ ಗೋಣಿಚೀಲವನ್ನು ಹೊರುವುದೇಕೆ?

ಈ ತಪ್ಪಿನಲ್ಲಿ ನನಗೂ ಪಾಲಿದೆ. ಹಲವು ವರ್ಷಗಳ ಹಿಂದೆ ಕರ್ನಾಟಕದ ಒಂದು ಊರಿನಲ್ಲಿ ಕೆಲಸದಲ್ಲಿದ್ದಾಗ ಕೇಂದ್ರದ ಒಂದು ಕಚೇರಿಗೆ ಮೂರು ಭಾಷೆಗಳ ಫಲಕ ಸಿದ್ಧವಾಯಿತು: ಪ್ರಾದೇಶಿಕ ಭಾಷೆ, ಹಿಂದಿ, ಇಂಗ್ಲಿಷ್. ಕನ್ನಡದ ಸಾಲನ್ನು ನೋಡಿಕೊಡಲು ನನಗೆ ಕಡತ ಬಂತು. ‘ಕಾರ್ಯಾಲಯ್’ ಎಂದು ಅರ್ಧಾಕ್ಷರದಲ್ಲಿ ಮುಗಿದಿತ್ತು. ಹಿಂದಿಯ ಸಾಲನ್ನು ಕಿವಿಯಿಂದ ಕೇಳಿ ಬರೆದಂತಿತ್ತು. ತಿದ್ದಿದರೆ ಫಲಕ ಮತ್ತೆ ಕಾರ್ಖಾನೆಗೆ ಹೋಗಬೇಕು, ಮರುದಿನವೇ ಉದ್ಘಾಟನೆ. ಸಹಿ ಹಾಕಿದೆ. ಆ ಅರ್ಧಾಕ್ಷರ ಎಷ್ಟೋ ವರ್ಷ ಅಲ್ಲೇ ತೂಗಾಡುತ್ತಿತ್ತು, ನಾನು ಎದುರಿನಿಂದ ಹಾದುಹೋಗುವಾಗಲೆಲ್ಲ ತಲೆ ತಗ್ಗಿಸುತ್ತಿದ್ದೆ. 1976ರ ರಾಜಭಾಷಾ ನಿಯಮಗಳು ತಮಿಳುನಾಡನ್ನು ಬಿಟ್ಟು ಉಳಿದ ಭಾರತಕ್ಕೆಲ್ಲ ಅನ್ವಯಿಸುತ್ತವೆಂದು ಅವುಗಳ ಮೊದಲ ನಿಯಮದಲ್ಲೇ ಬರೆದಿದೆ. ಆ ವಿನಾಯಿತಿಯನ್ನು ಪಡೆದುಕೊಂಡ ಜನರ ನಡುವೆ ಬಾಳುತ್ತ, ಯಾರೂ ಬಲವಂತ ಮಾಡದಿದ್ದರೂ ನಮ್ಮ ಅಕಾರವನ್ನು ನಾವೇ ಬಿಟ್ಟುಕೊಡುತ್ತಿದ್ದೇವೆ ಎನ್ನುವುದು ಸೋಜಿಗವಲ್ಲವೆ?

ತಾಯ್ನಾಡಿನಲ್ಲಾದರೂ ಮಾದರಿ ಸಿಕ್ಕೀತೇ ಎಂದು ನೋಡಿದರೆ ಅಲ್ಲಿ ಬೆಳಕೂ ಇದೆ, ಕತ್ತಲೂ ಇದೆ. ಕೆಂಗಲ್ ಹನುಮಂತಯ್ಯನವರು ಶಾಸನಸಭೆಗೆ ಕಟ್ಟಿಸಿದ, 1956ರಲ್ಲಿ ಮುಗಿದ ಕಟ್ಟಡಕ್ಕೆ ‘ವಿಧಾನಸೌಧ’ ಎಂದು ಹೆಸರಾಯಿತು. ಸೌಧ ಎಂಬ ಮಾತಿನ ಮೂಲ ‘ಸುಧೆ’, ಎಂದರೆ ಸುಣ್ಣ. ಸುಣ್ಣ ಬಳಿದು ಬೆಳ್ಳಗಾಗಿಸಿದ ಮನೆಯೇ ಸೌಧ. ವಿಧಾನಸೌಧವೋ ಗ್ರಾನೈಟ್ ಶಿಲೆಯದು, ಸುಣ್ಣದ ಹಂಗೇ ಇಲ್ಲ! ನಿಘಂಟು ಹಿಡಿದು ನೋಡಿದರೆ ಸೌಧವೆನ್ನಲು ಹೆಚ್ಚು ಅರ್ಹವಾದುದು ನಮ್ಮೂರಿನ ರಿಪ್ಪನ್ ಮಾಳಿಗೆಯೇ. ಆದರೂ ಹೆಸರು ನಿಂತಿತು. ಏಕೆಂದರೆ ಅದು ಒಂದೇ ಸಮಾಸಪದ, ಅಕಾರಾಂತ, ಕಿವಿಗೆ ತುಂಬಿದಂತಿದೆ, ಪ್ರತ್ಯಯ ತಾನಾಗಿ ಕೂಡಿಕೊಳ್ಳುತ್ತದೆ. ಇಂಗ್ಲಿಷಿನ ಪತ್ರಿಕೆಗಳೂ ಅದನ್ನು ಭಾಷಾಂತರಿಸದೆ ಹಾಗೆಯೇ ಬರೆಯುತ್ತವೆ. ಅದರ ಬಲದಿಂದಲೇ 2005ರಲ್ಲಿ ವಿಕಾಸಸೌಧ ಬಂತು, 2012ರಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ ಬಂತು. ಉದ್ಯೋಗ ಸೌಧ, ಆರೋಗ್ಯ ಸೌಧ, ಅರಣ್ಯ ಭವನ, ಖನಿಜ ಭವನ ಎಂದು ಪರಿವಾರ ಬೆಳೆಯಿತು. ಇವೆಲ್ಲ ಒಳ್ಳೆಯ ಹೆಸರುಗಳೇ.

ಆಮೇಲೆ ತಾಲ್ಲೂಕಿಗೊಂದು ‘ಮಿನಿ ವಿಧಾನಸೌಧ’ ಎದ್ದಿತು. ಒಂದೇ ಕಟ್ಟಡಕ್ಕೆ ಸಲ್ಲಬೇಕಾದ ಅಂಕಿತನಾಮವನ್ನು ಇಳಿಸಿ ರೂಢನಾಮ ಮಾಡಿದ್ದು ಒಂದು ತಪ್ಪು, ಅದರ ತಲೆಯ ಮೇಲೆ ಇಂಗ್ಲಿಷಿನ ‘ಮಿನಿ’ಯನ್ನು ಕೂರಿಸಿದ್ದು ಎರಡನೆಯದು, ಪಹಣಿಗೂ ಜಾತಿಪತ್ರಕ್ಕೂ ಜನ ಸಾಲುಗಟ್ಟಿ ನಿಲ್ಲುವ ತಹಸೀಲ್ದಾರರ ಕಚೇರಿಯಲ್ಲಿ ಯಾವ ವಿಧಾನವನ್ನೂ ಯಾರೂ ರಚಿಸುವುದಿಲ್ಲವೆಂಬುದು ಮೂರನೆಯದು. ರೂಢವೂ ಅಲ್ಲದ, ಅನ್ವರ್ಥವೂ ಅಲ್ಲದ, ಅಂಕಿತವೂ ಅಲ್ಲದ ಹೆಸರು ಹೇಗಿರುತ್ತದೆಂದು ಕೇಶಿರಾಜ ಕೇಳಿದ್ದರೆ ಇದನ್ನು ತೋರಿಸಬಹುದಿತ್ತು. ಈಚಿನ ವರ್ಷಗಳಲ್ಲಿ ಸರ್ಕಾರಕ್ಕೂ ಅದು ತಿಳಿಯಿತೆಂದು ತೋರುತ್ತದೆ. ‘ತಾಲ್ಲೂಕು ಆಡಳಿತ ಸೌಧ’ ಎಂದೂ ಬಳಿಕ ‘ಪ್ರಜಾಸೌಧ’ ಎಂದೂ ಹೊಸ ಹೆಸರುಗಳು ಬಂದವು. ಅಂಬೇಡ್ಕರ್ ವೀಧಿಯಲ್ಲಿರುವ ‘ಬಹುಮಹಡಿ ಕಟ್ಟಡ’ದ ಕಥೆ ಇದಕ್ಕೆ ವಿರುದ್ಧವಾದದ್ದು. ಅಲ್ಲಿ ಹೆಸರಿಡಲು ಯಾರಿಗೂ ಪುರುಸೊತ್ತಾಗಲಿಲ್ಲವೋ ಏನೋ, ಮಹಡಿಗಳನ್ನು ಎಣಿಸಿದ ಬರಿಯ ವರ್ಣನೆಯೇ ಅಂಕಿತವಾಗಿ ಸರ್ಕಾರಿ ವಿಳಾಸದಲ್ಲಿ ಕುಳಿತಿದೆ. ಹತ್ತಿರದಲ್ಲೇ ಹೈಕೋರ್ಟಿರುವ ಹಳೆಯ ಕೆಂಪು ಕಟ್ಟಡವನ್ನು ಜನ ‘ಅಠಾರಾ ಕಚೇರಿ’ ಎಂದರು. ಹದಿನೆಂಟು ಇಲಾಖೆಗಳಿದ್ದ ಕಚೇರಿ ಎಂದು ಅರ್ಥ. ಎಣಿಕೆಯಿಂದ ಬಂದ ಹೆಸರೇ ಆದರೂ ನಾಲಗೆಗೆ ಹೊಂದಿಕೊಂಡದ್ದರಿಂದ ಅದಕ್ಕೊಂದು ಸೊಗಸು ಬಂತು.

2024ರಲ್ಲಿ ಕರ್ನಾಟಕ ಸರ್ಕಾರ ನಾಮಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದು ಕಾಯಿದೆಯನ್ನೇ ತಿದ್ದಿತು. ನಾವೂ ಇಲ್ಲಿಂದ ಸಂತೋಷಪಟ್ಟೆವು. ಆದರೆ ಆ 60 ಭಾಗದಲ್ಲಿ ‘ಶಾಪಿಂಗ್ ಕಾಂಪ್ಲೆಕ್ಸ್’, ‘ಕನ್ವೆನ್ಷನ್ ಹಾಲ್’ ಎಂದೇ ಬರೆದರೆ ಕಾಯಿದೆಗೆ ಆಕ್ಷೇಪಣೆಯಿಲ್ಲ. ಲಿಪಿಯನ್ನು ಅಳತೆಪಟ್ಟಿ ಹಿಡಿದು ಅಳೆಯಬಹುದು. ವಿಭಕ್ತಿಯನ್ನು ಯಾವ ಪಟ್ಟಿಯಿಂದ ಅಳೆಯುವುದು?

ದಾನಿಗಳ ಹೆಸರನ್ನು ಬಿರುದುಬಾವಲಿಗಳೊಡನೆ ಫಲಕದ ಮೊದಲಿಗೆ ಸೇರಿಸಬೇಕೆಂಬ ಸೂಚನೆಯೂ ಬಂದಿದೆಯೆಂದು ಕೇಳಿದೆ. ಅವರ ಔದಾರ್ಯಕ್ಕೆ ತಲೆಬಾಗುತ್ತೇನೆ. ಅವರ ಹಿತಕ್ಕಾಗಿಯೇ ಒಂದು ಎಚ್ಚರಿಕೆ ಹೇಳಬೇಕು. ನಮ್ಮ ಸೆಂಟ್ರಲ್ ನಿಲ್ದಾಣಕ್ಕೆ 2019ರಲ್ಲಿ ‘ಪುರಟ್ಚಿ ತಲೈವರ್ ಡಾಕ್ಟರ್ ಎಂ.ಜಿ. ರಾಮಚಂದ್ರನ್ ಸೆಂಟ್ರಲ್’ ಎಂಬ ಹೆಸರಾಯಿತು. ಎಂ.ಜಿ.ಆರ್. ಅವರನ್ನು ದೇವರೆಂದು ಪೂಜಿಸುವ ಆಟೋ ಚಾಲಕನೂ ‘ಸೆಂಟ್ರಲ್’ ಎಂದೇ ಕೂಗುತ್ತಾನೆ. ಬೆಂಗಳೂರಿನ ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿಟ್ಟರು. ರೈಲಿನವರು ಅದನ್ನು ‘ಕೆ.ಎಸ್.ಆರ್. ಬೆಂಗಳೂರು’ ಎಂದು ಮೂರು ಇಂಗ್ಲಿಷ್ ಅಕ್ಷರಗಳಿಗೆ ಇಳಿಸಿದರು. ಬ್ರಿಟಿಷರೊಡನೆ ಹೋರಾಡಿ ಪ್ರಾಣ ಕೊಟ್ಟವನು ಅವರ ಲಿಪಿಯ ಮೂರು ಅಕ್ಷರಗಳೊಳಗೆ ಸೆರೆಯಾಗಿ ಕುಳಿತಿದ್ದಾನೆ! ಜನರೋ, ಎಂದೋ ಮರೆಯಾದ ಒಂದು ಚಿತ್ರಮಂದಿರದ ಹೆಸರಿನಿಂದ ಇಡೀ ಪ್ರದೇಶವನ್ನು ಇಂದಿಗೂ ‘ಮೆಜೆಸ್ಟಿಕ್’ ಎನ್ನುತ್ತಾರೆ. ಅಂಕಿತ ಉದ್ದವಾದಷ್ಟೂ ಆಯುಸ್ಸು ಕಡಿಮೆ. ‘ರವೀಂದ್ರ ಕಲಾಕ್ಷೇತ್ರ’ದಲ್ಲಿ ಠಾಕೂರರು 1963ರಿಂದ ಸುಖವಾಗಿದ್ದಾರೆಂದರೆ ಅವರ ಹೆಸರಿನ ಹಿಂದೆ ಮುಂದೆ ಯಾವ ಬಿರುದನ್ನೂ ಹೇರದಿದ್ದುದೇ ಅದಕ್ಕೆ ಕಾರಣ.

ಇನ್ನೊಂದು ಆಕ್ಷೇಪಣೆಗೆ ಉತ್ತರಿಸಬೇಕು. ಸಮಿತಿಯ ಒಬ್ಬ ಯುವ ಸದಸ್ಯರು, “ಸಾರ್, ಕಾಸರಗೋಡಿನ ಹೆಸರುಗಳ ವಿಷಯದಲ್ಲಿ ನೀವೇ ಪ್ರತಿಭಟನೆಯ ಪತ್ರಕ್ಕೆ ಸಹಿ ಮಾಡಿದವರು. ಅಲ್ಲಿ ಭಾಷಾಂತರ ಬೇಡ, ಇಲ್ಲಿ ಬೇಕೆಂದರೆ ಹೇಗೆ?” ಎಂದು ಕೇಳಿದರಂತೆ. ಪ್ರಶ್ನೆ ಚೂಪಾಗಿದೆ, ಕೇಳಿದ್ದು ಒಳ್ಳೆಯದಾಯಿತು. 2021ರಲ್ಲಿ ಆ ಜಿಲ್ಲೆಯ ಕೆಲವು ಕನ್ನಡ ಊರುಗಳ ಹೆಸರನ್ನು ಮಲಯಾಳೀಕರಿಸುತ್ತಾರೆಂಬ ಸುದ್ದಿ ಹಬ್ಬಿತು. ಕರ್ನಾಟಕದಿಂದ ಆಕ್ಷೇಪಣೆ ಹೋಯಿತು. ಅಂಥ ಯೋಚನೆಯಿಲ್ಲವೆಂದು ಕೇರಳದ ಕಡೆಯಿಂದ ಹೇಳಿಕೆಯೂ ಬಂತು. ಹೊಸದುರ್ಗ ‘ಪುದಿಯಕೋಟ’ವಾಗಬಾರದೆಂದು ನಾವು ಹೇಳಿದೆವು, ಏಕೆಂದರೆ ಹೊಸದುರ್ಗವೆಂಬುದು ಅಲ್ಲಿ ಬಾಳಿದ ಜನ ಇಟ್ಟುಕೊಂಡ ಹೆಸರು. ಒಂದು ಕಾಲಕ್ಕೆ ಅದು ಅನ್ವರ್ಥವಾಗಿದ್ದಿರಬಹುದು. ತಲೆಮಾರುಗಳ ಬಾಯಲ್ಲಿ ಅಂಕಿತವಾಗಿದೆ. ಅದನ್ನು ಬದಲಾಯಿಸುವುದು ಒಬ್ಬರ ಹೆಸರನ್ನು ಇನ್ನೊಬ್ಬರು ಬದಲಾಯಿಸಿದಂತೆ. ‘ಕಲ್ಚರಲ್ ಸೆಂಟರ್’ ಎಂಬುದನ್ನು ಯಾವ ತಲೆಮಾರು ಬಾಯಲ್ಲಿಟ್ಟು ಸಾಕಿದೆ? ಹೋದ ತಿಂಗಳ ಸುತ್ತೋಲೆಯಲ್ಲಿ ಹುಟ್ಟಿದ ಕೂಸಿಗೆ ಊರಿನ ಅಜ್ಜಿಯ ಗೌರವವನ್ನು ಕೇಳಬಾರದು.

ಭಾನುವಾರದ ಕನ್ನಡ ತರಗತಿಯನ್ನು ನಡೆಸುವವರಲ್ಲಿ ನಾನೂ ಒಬ್ಬ. ಬರುವ ಮಕ್ಕಳು ಇಲ್ಲಿ ಹುಟ್ಟಿದವರು, ಹಲವರ ತಂದೆತಾಯಿಗಳೂ ಇಲ್ಲೇ ಹುಟ್ಟಿದವರು. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತಮಿಳು, ಮನೆಯಲ್ಲಿ ಅಜ್ಜಿಯಿದ್ದರೆ ಕನ್ನಡ. ಒಂದು ದಿನ ‘ಅಲ್ಲಿ’ ಪ್ರತ್ಯಯವನ್ನು ಹೇಳಿಕೊಡುತ್ತ, ತಮಿಳಿನಲ್ಲಿ ‘ಅರಂಗತ್ತಿಲ್’ ಎನ್ನುವ ಕಡೆ ನಾವು ‘ರಂಗದಲ್ಲಿ’ ಎನ್ನುತ್ತೇವೆ, ಅವರ ತಕಾರದ ಜಾಗದಲ್ಲಿ ನಮ್ಮ ದಕಾರ ಎಂದೆ. ಮಕ್ಕಳಿಗೆ ಖುಷಿಯಾಯಿತು, ಮರತ್ತಿಲ್–ಮರದಲ್ಲಿ, ಪಳತ್ತಿಲ್–ಹಣ್ಣಿನಲ್ಲಿ ಎಂದು ತಾವೇ ಹುಡುಕತೊಡಗಿದರು. ಆಗ ಎಂಟು ವರ್ಷದ ಹುಡುಗಿಯೊಬ್ಬಳು ಎದ್ದು, “ಮಾಮ, ನಮ್ಮ ಹಾಲ್‌ಗೆ ಯಾಕೆ ಕನ್ನಡದಲ್ಲಿ ಹೆಸರಿಲ್ಲ? ತಮಿಳಲ್ಲಿ ಬರೀತಾರಂತೆ, ಅಪ್ಪ ಹೇಳಿದ್ರು” ಎಂದಳು. ಆ ಮಗುವಿಗೆ ಬೀದಿಯಲ್ಲಿ ಓದಲು ಸಿಗುವ ಕನ್ನಡದ ಬರಹ ಈ ನಗರದಲ್ಲಿ ಎಷ್ಟಿದ್ದೀತು? ಹಣದ ನೋಟಿನ ಹಿಂಬದಿಯ ಒಂದು ಸಾಲು, ಮತ್ತು ನಮ್ಮ ಫಲಕ. ನೋಟಿನ ಮೇಲೆ ಕೂಡ ‘ರೂಪಾಯಿಗಳು’ ಎಂದು ಬಹುವಚನದ ಪ್ರತ್ಯಯ ಹಾಕಿ ಬರೆದಿದ್ದಾರೆ.

2025ರ ಕೊನೆಯಲ್ಲಿ ಕೇಂದ್ರದ ಸೂಚನೆಯಂತೆ ರಾಜಭವನಗಳು ‘ಲೋಕಭವನ’ಗಳಾಗತೊಡಗಿದಾಗ ಪ್ರಜೆಯೋ ರಾಜನೋ ಎಂದು ಎಲ್ಲೆಡೆ ಚರ್ಚೆಯಾಯಿತು. ನಾನು ಕನ್ನಡ ಪತ್ರಿಕೆಗಳಲ್ಲಿ ನೋಡಿದ್ದು ಬೇರೆ: ‘ಲೋಕಭವನ’ವೋ, ‘ಲೋಕ್ ಭವನ್’ ಎಂದೋ. ಎರಡನ್ನೂ ಕಂಡೆ, ಒಂದೇ ಪುಟದಲ್ಲಿ ಎರಡನ್ನೂ ಕಂಡದ್ದುಂಟು.

ಬರುವ ಸರ್ವಸದಸ್ಯರ ಸಭೆಯಲ್ಲಿ ನಾನು ಮಂಡಿಸಲಿರುವ ಸೂಚನೆ ಇಷ್ಟು: ಕನ್ನಡದ ಸಾಲಿನಲ್ಲಿ ‘ಕನ್ನಡ ಸಂಸ್ಕೃತಿ ಭವನ’ ಎಂದಿರಲಿ, ನಕಾರ ಪೂರ್ಣಾಕ್ಷರವಾಗಿರಲಿ. ಇಂಗ್ಲಿಷಿನ ಸಾಲು ನೋಂದಣಿಯಲ್ಲಿದ್ದಂತೆಯೇ ಇರಲಿ, ತಮಿಳಿನ ಸಾಲನ್ನು ಕಲಾವಿದ ಬರೆದಂತೆಯೇ ಬಿಡೋಣ. ದಾನಿಗಳ ಹೆಸರು ಒಳಗಿನ ಶಿಲಾಫಲಕದಲ್ಲಿ ಬಿರುದುಗಳೊಡನೆ ವಿವರವಾಗಿ ಬರಲಿ. ಆಹ್ವಾನಪತ್ರಿಕೆಗಳಲ್ಲಿ ‘ಭವನದಲ್ಲಿ’ ಎಂದೇ ಅಚ್ಚಾಗಲಿ. ಕರಡು ತಿದ್ದುವ ಕೆಲಸವನ್ನು ನನಗೆ ಒಪ್ಪಿಸಿದರೆ ಸಂತೋಷದಿಂದ ಮಾಡುತ್ತೇನೆ. ಫಲಕಕ್ಕೆ ಹಿತ್ತಾಳೆಯ ಅಕ್ಷರಗಳನ್ನು ಎರಕ ಹೊಯ್ಯಿಸುವುದಂತೆ, ಕೂಲಿ ಅಕ್ಷರದ ಲೆಕ್ಕದಲ್ಲಂತೆ. ಸಮಿತಿಯ ಹೆಸರಿನಲ್ಲಿ ಹತ್ತು ಅಕ್ಷರಗಳಿವೆ, ನನ್ನದರಲ್ಲಿ ಒಂಬತ್ತು. ಖಜಾಂಚಿಯವರು ಎಣಿಸಿ ನೋಡಬಹುದು.